ಕೂಡಾಟಕ್ಕೆ ಕಟ್ಟಿದ ರಂಗಸ್ಥಳ

ಇಬ್ಬರು ಸೂಪರ್‌ಹೀರೋಗಳು ಒಂದೇ ಕತೆಯಲ್ಲಿ ಎದುರಾಗಬೇಕು. ಇಬ್ಬರಿಗೂ ಅವರವರದೇ ಮಾಸಿಕ ಇದೆ, ಅವರವರದೇ ಓದುಗರಿದ್ದಾರೆ. ಭೇಟಿ ಯಾರ ಪುಸ್ತಕದಲ್ಲಿ ಆಗಬೇಕು? ಇವನ ಪುಸ್ತಕಕ್ಕೆ ಅವನು ಬಂದರೆ ಅವನು ಬರೀ ನೆಂಟನಾಗುತ್ತಾನೆ. ಅರ್ಧ ಕತೆ ಇಲ್ಲಿ, ಅರ್ಧ ಅಲ್ಲಿ ಎಂದರೆ ಓದುಗ ಎರಡಕ್ಕೂ ದುಡ್ಡು ಕೊಡಬೇಕು. ಒಂದು ಕೈತಪ್ಪಿದರೆ ಕತೆಯೇ ಕೈತಪ್ಪಿತು. ಅಮೆರಿಕದ ಕಾಮಿಕ್ಸ್ ಪ್ರಕಾಶಕರು ಇದಕ್ಕೆ ಸರಿಯಾದ ಉತ್ತರ ಕಾಣಲು 1940ರಿಂದ 1985ರವರೆಗೆ, ನಲವತ್ತೈದು ವರ್ಷ ತಡಕಾಡಿದರು. ಯಾರೋ ಒಬ್ಬರು ಕೂತು ಯೋಚಿಸಿ ಕಂಡುಹಿಡಿದದ್ದಲ್ಲ ಅದು. ಪುಟಗಳ ಕಡಿತ, ಒಂದು ಒಲಿಂಪಿಕ್ಸ್ ಬಹಿಷ್ಕಾರ, ಒಂದು ಆಟಿಕೆ ಕಂಪನಿಯ ಒಪ್ಪಂದ ಎಲ್ಲವೂ ಸೇರಿ ಆ ಉತ್ತರದ ಕಡೆಗೆ ತಳ್ಳಿದವು.

ನಮ್ಮ ಕರಾವಳಿಯ ಯಕ್ಷಗಾನದವರಿಗೆ ಈ ಸಮಸ್ಯೆ ಚೆನ್ನಾಗಿ ಗೊತ್ತು. ಎರಡು ಮೇಳಗಳು ಅಕ್ಕಪಕ್ಕ ಎರಡು ರಂಗಸ್ಥಳ ಹಾಕಿಕೊಂಡು ಒಂದೇ ಪ್ರಸಂಗವನ್ನು ಒಟ್ಟಿಗೇ ಆಡಿದರೆ ಅದು ಜೋಡಾಟ. ಎರಡೂ ಮೇಳದವರು ಒಂದೇ ರಂಗಸ್ಥಳಕ್ಕೆ ಬಂದರೆ ಕೂಡಾಟ. ಕಾಮಿಕ್ಸ್ ಲೋಕ ಎರಡನ್ನೂ ಕ್ರಾಸ್‌ಓವರ್ ಎಂದೇ ಕರೆಯಿತು. ನಮ್ಮಲ್ಲಿ ಎರಡು ಮಾತಿರುವಾಗ ಅವನ್ನೇ ಬಳಸುವುದು ಒಳ್ಳೆಯದು, ಯಾಕೆಂದರೆ ಈ ಕತೆಯೆಲ್ಲ ಜೋಡಾಟದಿಂದ ಕೂಡಾಟಕ್ಕೆ ಬಂದ ಕತೆ.

1939ರಲ್ಲಿ ನ್ಯೂಯಾರ್ಕಿನ ಟೈಮ್ಲಿ ಎಂಬ ಪ್ರಕಾಶನ ಸಂಸ್ಥೆ ಒಂದು ಪತ್ರಿಕೆ ಶುರುಮಾಡಿತು. ಮುಂದೆ ಮಾರ್ವೆಲ್ ಆದದ್ದು ಇದೇ ಸಂಸ್ಥೆ. ಆ ಪತ್ರಿಕೆಯಲ್ಲಿ ಕಾರ್ಲ್ ಬರ್ಗೋಸ್ ಬರೆಯುತ್ತಿದ್ದ ಹ್ಯೂಮನ್ ಟಾರ್ಚ್ ಬೆಂಕಿಯ ಮನುಷ್ಯ. ಬಿಲ್ ಎವರೆಟ್ ಬರೆಯುತ್ತಿದ್ದ ನೇಮರ್ ಸಮುದ್ರದ ರಾಜಕುಮಾರ. ಒಂದೇ ಪತ್ರಿಕೆಯಲ್ಲಿ ಕೆಲವೇ ಪುಟಗಳ ಅಂತರದಲ್ಲಿ ಬೆಂಕಿಯೂ ನೀರೂ ಇದ್ದ ಮೇಲೆ ಅವು ಎಷ್ಟು ದಿನ ಮುಖಾಮುಖಿಯಾಗದೆ ಇದ್ದಾವು? 1940ರ ಜೂನ್ ತಿಂಗಳ 8ನೇ ಸಂಚಿಕೆಯಲ್ಲಿ ಟಾರ್ಚ್‌ನ ಕತೆ ಜಗಳವನ್ನು ಅವನ ಕಡೆಯಿಂದ ಹೇಳಿತು, ನೇಮರ್‌ನ ಕತೆ ಅದೇ ಜಗಳವನ್ನು ಇವನ ಕಡೆಯಿಂದ ಹೇಳಿತು. ಅಪ್ಪಟ ಜೋಡಾಟ. 9ನೇ ಸಂಚಿಕೆಯಲ್ಲಿ ಇಬ್ಬರೂ ಒಂದೇ ಕತೆಯೊಳಗೆ ಬಂದು ಇಪ್ಪತ್ತೆರಡು ಪುಟ ಹೊಡೆದಾಡಿದರು. 10ನೆಯದರಲ್ಲಿ ಬೆಟ್ಟಿ ಡೀನ್ ಎಂಬ ಮಹಿಳಾ ಪೊಲೀಸ್ ಇಬ್ಬರನ್ನೂ ಸಮಾಧಾನ ಮಾಡಿ ಒಂದೇ ಪುಟದಲ್ಲಿ ಜಗಳ ಮುಗಿಸಿದಳು. ಸಮ ಸಮ. ಒಬ್ಬನನ್ನು ಗೆಲ್ಲಿಸಿದರೆ ಇನ್ನೊಬ್ಬನ ಓದುಗರು ಮುನಿಯುತ್ತಾರೆ ಎಂಬ ಲೆಕ್ಕ ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ.

ಇದು ಸಲೀಸಾಗಿ ನಡೆದದ್ದು ಇಬ್ಬರೂ ಒಂದೇ ಮನೆಯ ಬಾಡಿಗೆದಾರರಾಗಿದ್ದರಿಂದ. ಬೇರೆ ಬೇರೆ ಪುಸ್ತಕಗಳಲ್ಲಿದ್ದವರನ್ನು ಸೇರಿಸುವುದು ಅಷ್ಟು ಸುಲಭವಾಗಿರಲಿಲ್ಲ. ಅದೇ ವರ್ಷದ ಚಳಿಗಾಲದಲ್ಲಿ ಆಲ್ ಸ್ಟಾರ್ ಕಾಮಿಕ್ಸ್‌ನ 3ನೇ ಸಂಚಿಕೆ ಜಸ್ಟಿಸ್ ಸೊಸೈಟಿ ಎಂಬ ವೀರರ ಕೂಟವನ್ನು ಮೊದಲ ಸಲ ಕೂರಿಸಿತು. ಅಲ್ಲಿ ಅವರು ನಿಜವಾಗಿಯೂ ಕೂತರು ಅಷ್ಟೆ. ಮೇಜಿನ ಸುತ್ತ ಸೇರಿ ಒಬ್ಬೊಬ್ಬರೂ ತಮ್ಮ ತಮ್ಮ ಸಾಹಸ ಹೇಳಿಕೊಂಡರು.

ಸೂಪರ್‌ಮ್ಯಾನ್ ಮತ್ತು ಬ್ಯಾಟ್‌ಮ್ಯಾನ್ ಸಂಗತಿ ಇನ್ನೂ ವಿಚಿತ್ರ. 1941ರಿಂದ ವರ್ಲ್ಡ್ಸ್ ಫೈನೆಸ್ಟ್ ಎಂಬ ದಪ್ಪ ಪುಸ್ತಕದ ಮುಖಪುಟದಲ್ಲಿ ಇಬ್ಬರೂ ಒಟ್ಟಿಗೆ ನಗುತ್ತಾ ನಿಂತಿರುತ್ತಿದ್ದರು. ಒಳಗೆ ಹೋದರೆ ಅವನ ಕತೆ ಬೇರೆ, ಇವನ ಕತೆ ಬೇರೆ. ಮುಖಪುಟ ನೋಡಿ ಕೊಂಡ ಮಕ್ಕಳಿಗೆ ಹದಿಮೂರು ವರ್ಷ ಇದೇ ಆಯಿತು. 1954ರಲ್ಲಿ ಪುಟಗಳನ್ನು ಕಡಿತ ಮಾಡಬೇಕಾಗಿ ಬಂತು. ಇಬ್ಬರಿಗೂ ಬೇರೆ ಬೇರೆ ಕತೆ ಕೊಡಲು ಜಾಗವಿಲ್ಲ. ಆಗ 71ನೇ ಸಂಚಿಕೆಯಿಂದ ಇಬ್ಬರನ್ನೂ ಒಂದೇ ಕತೆಗೆ ಹಾಕಿದರು. ಅದಕ್ಕೆ ಎರಡು ವರ್ಷದ ಹಿಂದೆ ಸೂಪರ್‌ಮ್ಯಾನ್ ಮಾಸಿಕದ 76ನೇ ಸಂಚಿಕೆಯಲ್ಲಿ ಹಡಗಿನ ಒಂದೇ ಕೋಣೆಯಲ್ಲಿ ಅವರನ್ನು ಮಲಗಿಸಿ ಪರಿಚಯ ಮಾಡಿಸಿದ್ದೇನೋ ನಿಜ. ಆದರೆ ಗೆಳೆತನವನ್ನು ಕಾಯಂ ಮಾಡಿದ್ದು ಪುಟಗಳ ಈ ಕಡಿತವೇ.

1961ರ ಸೆಪ್ಟೆಂಬರ್‌ನ ಫ್ಲ್ಯಾಶ್ 123ನೇ ಸಂಚಿಕೆಯ ಮುಖಪುಟವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಾರ್ಮೈನ್ ಇನ್‌ಫಾಂಟಿನೊ ಬರೆದ ಚಿತ್ರ. ನಡುವೆ ಒಂದು ಗೋಡೆ. ಎದುರಿಗೆ, ಬೀಳುತ್ತಿರುವ ತೊಲೆಯ ಕೆಳಗೆ ಒಬ್ಬ ಮನುಷ್ಯ ಸಹಾಯಕ್ಕಾಗಿ ಕೂಗುತ್ತಿದ್ದಾನೆ. ಗೋಡೆಯ ಈ ಕಡೆಯಿಂದ ಒಬ್ಬ ಫ್ಲ್ಯಾಶ್, ಆ ಕಡೆಯಿಂದ ಇನ್ನೊಬ್ಬ ಫ್ಲ್ಯಾಶ್ ಓಡಿ ಬರುತ್ತಿದ್ದಾರೆ, ಒಬ್ಬನಿಗೆ ಇನ್ನೊಬ್ಬ ಕಾಣುತ್ತಿಲ್ಲ. ಜೋಡಾಟ ಎಂದರೆ ಏನು ಎಂದು ಕೇಳಿದರೆ ನಾನು ಈ ಚಿತ್ರ ತೋರಿಸುತ್ತೇನೆ. ಗಾರ್ಡ್ನರ್ ಫಾಕ್ಸ್ ಬರೆದ, ಜೂಲಿಯಸ್ ಶ್ವಾರ್ಟ್ಸ್ ಸಂಪಾದಿಸಿದ ಆ ಕತೆಯಲ್ಲಿ ಈಗಿನ ಫ್ಲ್ಯಾಶ್ ಬ್ಯಾರಿ ಆಲೆನ್ ಇನ್ನೊಂದು ಭೂಮಿಗೆ ದಾಟಿಹೋಗಿ, ತಾನು ಹುಡುಗನಾಗಿದ್ದಾಗ ಕಾಮಿಕ್ಸ್‌ನಲ್ಲಿ ಓದಿದ ಹಳೆಯ ಫ್ಲ್ಯಾಶ್ ಜೇ ಗ್ಯಾರಿಕ್‌ನನ್ನು ಕಾಣುತ್ತಾನೆ. ಎರಡು ಭೂಮಿಗಳಿವೆ ಎಂಬ ಆ ಒಂದು ಉಪಾಯದಿಂದ 1963ರಿಂದ ಪ್ರತಿ ವರ್ಷ ಹೊಸ ವೀರರ ಜಸ್ಟಿಸ್ ಲೀಗ್ ಮತ್ತು ಹಳಬರ ಜಸ್ಟಿಸ್ ಸೊಸೈಟಿಗಳ ಭೇಟಿ ನಡೆಯತೊಡಗಿತು. ಲೀಗ್‌ನ ಮಾಸಿಕದಲ್ಲೇ ಎರಡು ಸಂಚಿಕೆ, ಒಂದು ಕತೆ. ಊರ ಜಾತ್ರೆಯ ಹಾಗೆ. ಬ್ಯಾರಿ ಆಲೆನ್ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ, ಅವನು ಮತ್ತೆ ಬರುತ್ತಾನೆ.

1973ರಲ್ಲಿ ಮಾರ್ವೆಲ್‌ನ ಸ್ಟೀವ್ ಎಂಗಲ್‌ಹಾರ್ಟ್ ಒಂದು ಹೆಜ್ಜೆ ಮುಂದೆ ಹೋದರು. ಅವೆಂಜರ್ಸ್, ಡಿಫೆಂಡರ್ಸ್ ಎರಡಕ್ಕೂ ಬರೆಯುತ್ತಿದ್ದವರು ಅವರೇ. ಎರಡು ತಂಡಗಳ ಕಾಳಗವನ್ನು ಎರಡೂ ಪುಸ್ತಕಗಳಲ್ಲಿ ಹೊಲಿದರು. ಒಂದು ಭಾಗ ಇಲ್ಲಿ, ಮುಂದಿನದು ಅಲ್ಲಿ. ಕತೆಗಾರನಿಗೆ ಅದು ಹಬ್ಬ. ಓದುಗನಿಗೆ? ಆಗ ಕಾಮಿಕ್ಸ್ ಮಾರುತ್ತಿದ್ದದ್ದು ಪತ್ರಿಕೆ ಅಂಗಡಿ, ಔಷಧಿ ಅಂಗಡಿಗಳ ತಿರುಗುವ ಸ್ಟ್ಯಾಂಡುಗಳಲ್ಲಿ. ಈ ತಿಂಗಳು ಬಂದ ಪುಸ್ತಕ ಮುಂದಿನ ತಿಂಗಳು ಅದೇ ಅಂಗಡಿಗೆ ಬರುತ್ತದೆಂಬ ಖಾತ್ರಿ ಇರಲಿಲ್ಲ. ಮಾರಾಟವಾಗದ್ದು ವಾಪಸ್ ಹೋಗುತ್ತಿತ್ತು. ಒಂದು ಸಂಚಿಕೆ ತಪ್ಪಿದರೆ ಸಿಗುವುದು ದೇವರಿಗೇ ಪ್ರೀತಿ. ಎರಡು ಪುಸ್ತಕಗಳಲ್ಲಿ ಹರಡಿದ ಕತೆ ಇಂಥ ವ್ಯವಸ್ಥೆಯ ಮೇಲೆ ಕೂತಿತ್ತು.

ಹಾಗಾದರೆ ಇಡೀ ಕತೆಯನ್ನು ಒಂದೇ ರಕ್ಷಾಪುಟದೊಳಗೆ ಇಟ್ಟರೆ? 1976ರಲ್ಲಿ ಅದೂ ನಡೆಯಿತು, ಅದೂ ಆ ತನಕ ಸಾಧ್ಯವೇ ಇಲ್ಲ ಎನ್ನಿಸಿದ್ದ ಜೋಡಿಯೊಂದಿಗೆ: ಡಿಸಿ ಸಂಸ್ಥೆಯ ಸೂಪರ್‌ಮ್ಯಾನ್, ಅದರ ಪ್ರತಿಸ್ಪರ್ಧಿ ಮಾರ್ವೆಲ್‌ನ ಸ್ಪೈಡರ್‌ಮ್ಯಾನ್. ಇಬ್ಬರನ್ನೂ ಸೇರಿಸಿ ಸಿನಿಮಾ ಮಾಡಬಹುದೆಂದು ಡೇವಿಡ್ ಓಬ್ಸ್ಟ್ ಎಂಬ ಸಾಹಿತ್ಯ ಏಜೆಂಟ್ ಹೊರಟಿದ್ದರು. ಎರಡೂ ಕಡೆ ಬೇರೆ ಬೇರೆ ಸಿನಿಮಾ ಮಾತುಕತೆ ನಡೆದಿದ್ದರಿಂದ ಅದಾಗಲಿಲ್ಲ, ಪುಸ್ತಕವಾಯಿತು. ಟ್ರೆಷರಿ ಎನ್ನುತ್ತಿದ್ದ, ಮಾಮೂಲಿಗಿಂತ ಬಹಳ ದೊಡ್ಡ ಆಕಾರ. ಮಾಮೂಲಿ ಸಂಚಿಕೆ 25 ಸೆಂಟಿಗೆ ಸಿಗುತ್ತಿದ್ದಾಗ ಇದಕ್ಕೆ ಎರಡು ಡಾಲರ್.

ಈ ಪುಸ್ತಕ ಮಾಡಿದ ಬಗೆಯನ್ನು ಹತ್ತಿರದಿಂದ ನೋಡಬೇಕು. ಬರೆಯಲು ಗೆರಿ ಕಾನ್ವೇ, ಎರಡೂ ಸಂಸ್ಥೆಗಳ ಉಪ್ಪು ಉಂಡವರು. ಪೆನ್ಸಿಲ್ ರೇಖೆಗೆ ರಾಸ್ ಆಂಡ್ರು, ಅವರೂ ಎರಡೂ ಕಡೆ ಕೆಲಸ ಮಾಡಿದವರು. ಇಂಕಿಗೆ ಡಿಕ್ ಜಿಯೊರ್ಡಾನೊ. ಮೊದಲು ಸೂಪರ್‌ಮ್ಯಾನ್ ತನ್ನ ವೈರಿ ಲೂಥರ್‌ನನ್ನು ಹಿಡಿಯುವ ಅಧ್ಯಾಯ, ಆಮೇಲೆ ಸ್ಪೈಡರ್‌ಮ್ಯಾನ್ ಡಾಕ್ಟರ್ ಆಕ್ಟೋಪಸ್‌ನನ್ನು ಹಿಡಿಯುವ ಅಧ್ಯಾಯ. ಖಳರಿಬ್ಬರೂ ಸೆರೆಮನೆಯಲ್ಲಿ ಪರಿಚಯವಾಗುತ್ತಾರೆ. ನಾಯಕರಿಬ್ಬರೂ ಮೊದಲು ಜಗಳವಾಡಿ ಆಮೇಲೆ ಹೆಗಲು ಕೊಡುತ್ತಾರೆ. ಮುಗಿದ ಚಿತ್ರಗಳಲ್ಲೂ ಸೂಪರ್‌ಮ್ಯಾನ್‌ನ ಕೆಲವು ಆಕೃತಿಗಳನ್ನು ನೀಲ್ ಆಡಮ್ಸ್ ತಿದ್ದಿದರು, ಸ್ಪೈಡರ್‌ಮ್ಯಾನ್ ಆಗುವ ಪೀಟರ್ ಪಾರ್ಕರ್‌ನ ಮುಖಗಳನ್ನು ಜಾನ್ ರೊಮಿಟಾ ತಿದ್ದಿದರು. ಯಾರ ನಾಯಕನೂ ಯಾರ ಮನೆಯಲ್ಲೂ ನೆಂಟನಾಗಬಾರದು ಎಂಬ ಎಚ್ಚರ ಪುಟಪುಟದಲ್ಲಿದೆ. ಹಿಂದಿನ ಸಂಚಿಕೆ ಓದಿರಬೇಕಿಲ್ಲ, ಮುಂದಿನದಕ್ಕೆ ಕಾಯಬೇಕಿಲ್ಲ. ಕಾಮಿಕ್ಸ್‌ಗೆ ಕೊನೆಗೂ ಒಂದು ನಿಜವಾದ ಕೂಡಾಟ ಸಿಕ್ಕಿತು.

ಆದರೂ ಇದೇ ಕೊನೆಯ ಉತ್ತರ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬೆಳಗಾಯಿತು, ವೇಷ ಕಳಚಿದರು, ಅವರವರ ಮೇಳಕ್ಕೆ ಹೋದರು. ಮುಂದಿನ ತಿಂಗಳ ಸೂಪರ್‌ಮ್ಯಾನ್ ಪುಸ್ತಕದಲ್ಲಿ ಆ ರಾತ್ರಿಯ ಸುಳಿವಿಲ್ಲ, ಸ್ಪೈಡರ್‌ಮ್ಯಾನ್ ಬದುಕಿನಲ್ಲಿ ಒಂದು ಗೀರೂ ಇಲ್ಲ. ತಿಂಗಳು ತಿಂಗಳು ಬೆಳೆಯುವ ಕತೆಗಳ ಲೋಕದಲ್ಲಿ ದೊಡ್ಡ ಘಟನೆಯೊಂದು ನಡೆದು ಯಾರಿಗೂ ಏನೂ ಆಗದಿದ್ದರೆ ಅದು ಪ್ರದರ್ಶನವಾಗುತ್ತದೆ, ಕತೆಯಾಗುವುದಿಲ್ಲ. ಬೇಕಾದದ್ದು ಪ್ರತ್ಯೇಕ ರಂಗಸ್ಥಳ, ಆದರೆ ಅಲ್ಲಿ ಆದ ಗಾಯ ಊರಿಗೆ ಬಂದ ಮೇಲೂ ಉಳಿಯಬೇಕು.

ಅದರ ದಾರಿ ತೆರೆದದ್ದು ಮಾಸ್ಕೋ. 1980ರ ಒಲಿಂಪಿಕ್ಸ್ ನೆಪದಲ್ಲಿ ಮಾರ್ವೆಲ್ ತನ್ನ ವೀರರೆಲ್ಲರ ಒಂದು ಟ್ರೆಷರಿ ಪುಸ್ತಕ ತರಲಿತ್ತು. ಅಮೆರಿಕ ಆ ಕ್ರೀಡಾಕೂಟವನ್ನು ಬಹಿಷ್ಕರಿಸಿತು, ಪುಸ್ತಕ ನಿಂತಿತು. ಅದನ್ನೇ ತಿದ್ದಿ 1982ರಲ್ಲಿ ಕಾಂಟೆಸ್ಟ್ ಆಫ್ ಚಾಂಪಿಯನ್ಸ್ ಎಂಬ ಹೆಸರಲ್ಲಿ ಮೂರು ಸಂಚಿಕೆಗಳಾಗಿ ತಂದರು. ಮೂರೇ ಸಂಚಿಕೆ, ಆಮೇಲೆ ಮುಗಿಯಿತು ಎಂದು ಮೊದಲೇ ಹೇಳಿ ಶುರುಮಾಡುವ ಮಿತ ಸರಣಿ ಮಾರ್ವೆಲ್‌ಗೆ ಅದೇ ಮೊದಲು. ಕತೆ ಸಾಧಾರಣ. ಆದರೆ ಆಕಾರ ಸಿಕ್ಕಿತ್ತು: ಯಾರ ಮಾಸಿಕವೂ ಅಲ್ಲದ, ಎಲ್ಲರಿಗೂ ಸೇರಿದ, ಆದಿ ಅಂತ್ಯ ಇರುವ ಒಂದು ಪುಸ್ತಕ.

ಅಷ್ಟರಲ್ಲಿ ಅಂಗಡಿಯೂ ಬದಲಾಗಿತ್ತು. ಫಿಲ್ ಸೂಲಿಂಗ್ ಎಂಬ ವ್ಯಾಪಾರಿ ಎಪ್ಪತ್ತರ ದಶಕದ ಆರಂಭದಲ್ಲಿ ಪ್ರಕಾಶಕರೊಂದಿಗೆ ನೇರ ಒಪ್ಪಂದ ಮಾಡಿಕೊಂಡು, ವಾಪಸ್ ಕೊಡುವುದಿಲ್ಲ, ರಿಯಾಯಿತಿ ಕೊಡಿ ಎಂಬ ಹೊಸ ಪದ್ಧತಿ ತಂದಿದ್ದರು. ಅದರಿಂದ ಕಾಮಿಕ್ಸ್ ಮಾತ್ರ ಮಾರುವ ಅಂಗಡಿಗಳು ಬೆಳೆದವು. ಈಗ ಓದುಗನಿಗೆ ಹನ್ನೆರಡು ತಿಂಗಳ ಹನ್ನೆರಡೂ ಸಂಚಿಕೆ ಸಿಗುವ ಭರವಸೆ ಇತ್ತು. ಆ ಭರವಸೆ ಇಲ್ಲದಿದ್ದರೆ ಮುಂದೆ ಹೇಳುವುದು ಯಾವುದೂ ನಡೆಯುತ್ತಿರಲಿಲ್ಲ.

1984ರಲ್ಲಿ ಮ್ಯಾಟೆಲ್ ಆಟಿಕೆ ಕಂಪನಿ ಮಾರ್ವೆಲ್ ಗೊಂಬೆಗಳನ್ನು ಮಾಡಲು ಮುಂದೆ ಬಂತು, ಜೊತೆಗೆ ಒಂದು ದೊಡ್ಡ ಕತೆ ಬೇಕೆಂದಿತು. ಮಕ್ಕಳನ್ನು ಕೇಳಿ ನೋಡಿದಾಗ ಸೀಕ್ರೆಟ್, ವಾರ್ಸ್ ಎಂಬ ಮಾತುಗಳಿಗೆ ಅವರ ಕಿವಿ ನೆಟ್ಟಗಾಗುತ್ತಿತ್ತಂತೆ. ಸೀಕ್ರೆಟ್ ವಾರ್ಸ್ ಎಂಬ ಹೆಸರು ಅಲ್ಲಿಂದ ಬಂತು. ಪ್ರಧಾನ ಸಂಪಾದಕ ಜಿಮ್ ಶೂಟರ್ ತಾವೇ ಬರೆದರು, ಚಿತ್ರ ಬಹುಪಾಲು ಮೈಕ್ ಜೆಕ್. ಹನ್ನೆರಡು ಸಂಚಿಕೆ. ಆಟಿಕೆ ಮಾರಲು ಹುಟ್ಟಿದ ಕತೆ ಎಂದು ಮೂಗು ಮುರಿಯುವವರಿದ್ದಾರೆ. ಹುಟ್ಟಿದ್ದು ಹೇಗಾದರೂ ಇರಲಿ, ಶೂಟರ್ ಅದರಲ್ಲಿ ಮಾಡಿದ ಒಂದು ಕೆಲಸಕ್ಕೆ ನಾನು ತಲೆಬಾಗುತ್ತೇನೆ.

ಏಪ್ರಿಲ್ ತಿಂಗಳ ಮಾಸಿಕಗಳಲ್ಲಿ ವೀರರು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಎದ್ದ ಒಂದು ವಿಚಿತ್ರ ಕಟ್ಟಡದೊಳಗೆ ಹೋಗಿ ಮಾಯವಾಗುತ್ತಾರೆ. ಮೇ ತಿಂಗಳ ಮಾಸಿಕಗಳಲ್ಲಿ ವಾಪಸ್ ಬರುತ್ತಾರೆ, ಬದಲಾಗಿ ಬರುತ್ತಾರೆ. ಫೆಂಟಾಸ್ಟಿಕ್ ಫೋರ್ ತಂಡದಲ್ಲಿ ಥಿಂಗ್ ಎಂಬವನಿಲ್ಲ, ಅವನ ಜಾಗದಲ್ಲಿ ಶೀ-ಹಲ್ಕ್ ಇದ್ದಾಳೆ. ಅಮೇಜಿಂಗ್ ಸ್ಪೈಡರ್‌ಮ್ಯಾನ್ 252ನೇ ಸಂಚಿಕೆಯಲ್ಲಿ ಕೆಂಪು ನೀಲಿ ಉಡುಪಿನ ಬದಲು ಕಪ್ಪು ಉಡುಪು, ಎದೆಯ ಮೇಲೆ ಬಿಳಿಯ ದೊಡ್ಡ ಜೇಡ. ಎಲ್ಲಿಂದ ಬಂತು ಈ ಉಡುಪು? ಉತ್ತರ ಮಾಸಿಕದಲ್ಲಿಲ್ಲ. ಅದು ಸೀಕ್ರೆಟ್ ವಾರ್ಸ್‌ನಲ್ಲಿದೆ, ಮತ್ತು ಆ ಸರಣಿ ಆಗಷ್ಟೇ ಶುರುವಾಗಿದೆ. ಓದುಗ ಕಾದ. ಡಿಸೆಂಬರ್ ತಿಂಗಳ 8ನೇ ಸಂಚಿಕೆಯಲ್ಲಿ ಬಟ್ಟೆ ಹರಿದ ಸ್ಪೈಡರ್‌ಮ್ಯಾನ್ ಒಂದು ಯಂತ್ರದ ಮುಂದೆ ನಿಲ್ಲುತ್ತಾನೆ, ಒಂದು ಕಪ್ಪು ಉಂಡೆ ಅವನ ಕೈಗೆ ಬೀಳುತ್ತದೆ, ಮೈಯೆಲ್ಲಾ ಹರಡುತ್ತದೆ. ಪರಿಣಾಮ ಮೊದಲು, ಕಾರಣ ಏಳು ತಿಂಗಳ ನಂತರ. ಆ ಕಪ್ಪು ಉಡುಪಿನ ಮೂಲ ಕಲ್ಪನೆಯನ್ನು ಮಾರ್ವೆಲ್ ಒಬ್ಬ ಓದುಗನಿಂದ 220 ಡಾಲರಿಗೆ ಕೊಂಡಿತ್ತು. ಮುಂದೆ ಅದರಿಂದಲೇ ವೆನಮ್ ಎಂಬ ಖಳ ಹುಟ್ಟಿದ.

ಈ ಏರ್ಪಾಟಿನಲ್ಲಿ ಬರೀ ಸ್ಪೈಡರ್‌ಮ್ಯಾನ್ ಓದುವವನಿಗೆ ಅವನ ಮಾಸಿಕ ಒಡೆಯಲಿಲ್ಲ, ಆದರೆ ದೂರದಲ್ಲಿ ಎಲ್ಲೋ ಗುಡುಗಿದ್ದು ಕೇಳಿಸಿತು. ಬರೀ ಸೀಕ್ರೆಟ್ ವಾರ್ಸ್ ಓದುವವನಿಗೆ ಕತೆ ಪೂರ್ತಿ ಸಿಕ್ಕಿತು. ಎರಡನ್ನೂ ಓದಿದವನಿಗೆ ಒಂದು ಹಿಡಿ ಹೆಚ್ಚು. ನಲವತ್ತು ವರ್ಷದಿಂದ ಹುಡುಕುತ್ತಿದ್ದ ಆಕಾರ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಕಾರಕ್ಕೆ ತೂಕ ಕೊಟ್ಟದ್ದು ಮರುವರ್ಷ ಡಿಸಿ. ಮಾರ್ವ್ ವುಲ್ಫ್‌ಮನ್ ಬರೆದ, ಜಾರ್ಜ್ ಪೆರೆಜ್ ಚಿತ್ರಿಸಿದ ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್, 1985ರ ಏಪ್ರಿಲ್‌ನಿಂದ ಹನ್ನೆರಡು ಸಂಚಿಕೆ. 1961ರಲ್ಲಿ ಎರಡಾಗಿದ್ದ ಭೂಮಿ ಅಷ್ಟರಲ್ಲಿ ಎಣಿಸಲಾಗದಷ್ಟಾಗಿತ್ತು. ಅವೆಲ್ಲವನ್ನೂ ಒಂದು ಮಾಡುವುದು ಕತೆಯ ಉದ್ದೇಶ. ಸಿದ್ಧತೆ ವರ್ಷಗಟ್ಟಲೆ ನಡೆದಿತ್ತು. ಪೀಟರ್ ಸ್ಯಾಂಡರ್ಸನ್ ಎಂಬ ಸಂಶೋಧಕ ಡಿಸಿಯ ಹಳೆಯ ಪುಸ್ತಕಗಳ ರಾಶಿಯನ್ನೆಲ್ಲ ಕೂತು ಓದಿದರು. ಪೆರೆಜ್ ಒಂದು ಪುಟದಲ್ಲಿ ಹತ್ತಾರು ಸಣ್ಣ ಚೌಕಟ್ಟು ಹಾಕಿ, ಒಂದೊಂದರಲ್ಲೂ ಮುಖ ಗುರುತು ಸಿಗುವಂತೆ ವೀರರನ್ನು ತುಂಬಿದರು. ಜನಸಂದಣಿಯಲ್ಲೂ ಪ್ರತಿಯೊಬ್ಬನನ್ನೂ ಹೆಸರು ಹಿಡಿದು ಕರೆಯಬಲ್ಲ ಚಿತ್ರಕಾರ ಅವರು.

ಬ್ಯಾರಿ ಆಲೆನ್ ಇಲ್ಲಿ ಮತ್ತೆ ಬರುತ್ತಾನೆ. ಅವನ ಸ್ವಂತ ಮಾಸಿಕ 1985ರ ಅಕ್ಟೋಬರ್‌ನ 350ನೇ ಸಂಚಿಕೆಯಲ್ಲಿ ನಿಂತಿತು, ಅಲ್ಲಿ ಅವನಿಗೆ ಸುಖಾಂತ್ಯವೇ ಇತ್ತು. ಮರುತಿಂಗಳು ಕ್ರೈಸಿಸ್ 8ನೇ ಸಂಚಿಕೆಯಲ್ಲಿ, ಲೋಕಗಳನ್ನು ಸುಡಲಿರುವ ಫಿರಂಗಿಯನ್ನು ನಾಶಮಾಡಲು ಅವನು ಓಡುತ್ತಾನೆ. ಓಡುತ್ತಾ ಓಡುತ್ತಾ ಮೈ ಸವೆಯುತ್ತದೆ. ಉಳಿಯುವುದು ಖಾಲಿ ಉಡುಪು, ಒಂದು ಉಂಗುರ. ಸುತ್ತ ಯಾರೂ ಇಲ್ಲ. ಎರಡು ಭೂಮಿಗಳ ನಡುವಿನ ಗೋಡೆಯನ್ನು ಮೊದಲು ದಾಟಿದವನು, ಗೋಡೆಗಳೇ ಇಲ್ಲವಾಗುವ ಕತೆಯಲ್ಲಿ ತೀರಿಕೊಂಡ. ಈ ಸಾವು ಅವನದೇ ಮಾಸಿಕದಲ್ಲಿ ಆಗಿದ್ದರೆ ಒಬ್ಬ ವೀರನ ಸಾವಾಗುತ್ತಿತ್ತು. ಎಲ್ಲರೂ ಸೇರಿದ ರಂಗಸ್ಥಳದಲ್ಲಿ ಆದದ್ದರಿಂದ ಒಂದು ಕಾಲದ ಸಾವಾಯಿತು. ಇದು ಕತೆಯಷ್ಟೇ ಪುಸ್ತಕದ ಆಕಾರವೂ ಮಾಡಿದ ಕೆಲಸ.

ಕಂಡುಕೊಂಡದ್ದನ್ನು ಕೆಡಿಸಲು ಹೆಚ್ಚು ದಿನ ಬೇಕಾಗಲಿಲ್ಲ. ಕ್ರೈಸಿಸ್ ನಡೆಯುವಾಗಲೇ, ಹಿನ್ನೆಲೆಯಲ್ಲಿ ಆಕಾಶಕ್ಕೆ ಕೆಂಪು ಬಳಿದು ನಮ್ಮದೂ ಅದಕ್ಕೆ ಸೇರಿದ್ದು ಎಂದ ಸಂಚಿಕೆಗಳು ಬಂದವು. ಓದುಗರು ಅವನ್ನು ಕೆಂಪಾಕಾಶದ ಪುಸ್ತಕಗಳು ಎಂದೇ ಕರೆದರು. ಸೀಕ್ರೆಟ್ ವಾರ್ಸ್‌ನ ಎರಡನೆಯ ಸರಣಿ ಕಂಡಕಂಡ ಮಾಸಿಕಗಳಿಗೆಲ್ಲ ಚಾಚಿಕೊಂಡಿತು. ಎಕ್ಸ್-ಮೆನ್ ಪುಸ್ತಕಗಳು ಮತ್ತೆ ಹಳೆಯ ಜೋಡಾಟಕ್ಕೆ, ಮೂರು ಮೂರು ಮಾಸಿಕಗಳಲ್ಲಿ ಕತೆ ಹಂಚುವುದಕ್ಕೆ ಹೋದವು.

ಅದರ ಬಿಸಿ ನನಗೂ ತಟ್ಟಿದೆ. ಬೆಂಗಳೂರಿನ ಹಳೆ ಪುಸ್ತಕದ ರಾಶಿಯೊಂದರಲ್ಲಿ ನನಗೆ ನ್ಯೂ ಮ್ಯೂಟೆಂಟ್ಸ್‌ನ 96ನೇ ಸಂಚಿಕೆ ಸಿಕ್ಕಿತ್ತು. 1990ರ ಎಕ್ಸ್-ಟಿಂಕ್ಷನ್ ಅಜೆಂಡಾ ಎಂಬ ಒಂಬತ್ತು ಭಾಗದ ಕತೆಯ ಐದನೆಯ ಭಾಗ. ಹಿಂದಿನ ನಾಲ್ಕು ಎರಡು ಬೇರೆ ಮಾಸಿಕಗಳಲ್ಲೂ ಇದರಲ್ಲೂ ಹರಿದು ಹಂಚಿಹೋಗಿದ್ದವು, ಮುಂದಿನ ನಾಲ್ಕೂ ಹಾಗೆಯೇ. ಯಾರನ್ನು ಯಾಕೆ ಹಿಡಿದಿದ್ದಾರೆ, ಅಳುತ್ತಿರುವವಳು ಯಾರಿಗಾಗಿ ಅಳುತ್ತಿದ್ದಾಳೆ, ಒಂದೂ ತಿಳಿಯದೆ ಆ ಪುಸ್ತಕವನ್ನು ಹತ್ತು ಸಲ ಓದಿದೆ. ಮಿಕ್ಕ ಎಂಟು ಭಾಗ ಕೈಗೆ ಬಂದದ್ದು ಅವು ಒಂದೇ ಸಂಪುಟವಾಗಿ ಅಚ್ಚಾದ ಮೇಲೆ, ಎಷ್ಟೋ ವರ್ಷಗಳ ನಂತರ. ಸಾವಿರಾರು ಮೈಲಿ ದೂರದ ಓದುಗನ ಕೈಗೆ ಬಿಡಿ ಸಂಚಿಕೆಯೊಂದು ಹೀಗೆ ತಲುಪಬಹುದು ಎಂದು ಪ್ರಕಾಶಕರು ಯೋಚಿಸಿರಲಾರರು. ಆದರೆ ಆಕಾರ ಚೆನ್ನಾಗಿದ್ದರೆ ಅಂಥ ಓದುಗನೂ ಬಚಾವಾಗುತ್ತಾನೆ.

ಜೋಡಾಟದಲ್ಲೂ ಒಂದು ಅಪವಾದವಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 1991ರಿಂದ ಸಂಪಾದಕ ಮೈಕ್ ಕಾರ್ಲಿನ್ ಸೂಪರ್‌ಮ್ಯಾನ್‌ನ ಮಾಸಿಕಗಳನ್ನೆಲ್ಲ ಸೇರಿಸಿ, ಮುಖಪುಟದ ತ್ರಿಕೋನದಲ್ಲಿ ಓದಬೇಕಾದ ಕ್ರಮಸಂಖ್ಯೆ ಹಾಕಿಸಿದರು. ಹೆಸರಿಗೆ ನಾಲ್ಕು ಮಾಸಿಕ, ನಿಜದಲ್ಲಿ ಒಂದು ವಾರಪತ್ರಿಕೆ. 1992ರಲ್ಲಿ ಸೂಪರ್‌ಮ್ಯಾನ್ ಸಾಯುವ ಕತೆ ಕೊನೆ ಮುಟ್ಟುವಾಗ ಒಂದು ಪುಸ್ತಕದ ಪುಟಗಳಲ್ಲಿ ನಾಲ್ಕು ನಾಲ್ಕು ಚೌಕಟ್ಟು, ಮುಂದಿನದರಲ್ಲಿ ಮೂರು, ಅದರ ಮುಂದೆ ಎರಡು, ಸಾಯುವ 75ನೇ ಸಂಚಿಕೆಯಲ್ಲಿ ಪುಟಕ್ಕೆ ಒಂದೇ ಚಿತ್ರ. ನಾಲ್ಕು ಚಿತ್ರಕಾರರ ಪುಸ್ತಕಗಳು ಒಂದೇ ಎದೆಬಡಿತಕ್ಕೆ ಕಟ್ಟುಬಿದ್ದಿದ್ದವು. ಅದು ಸಾಧ್ಯವಾದದ್ದು ಒಬ್ಬನೇ ನಾಯಕ, ಒಬ್ಬರೇ ಸಂಪಾದಕ ಇದ್ದದ್ದರಿಂದ. ಬೇರೆ ಬೇರೆ ವೀರರನ್ನು ಸೇರಿಸುವ ಕತೆಗೆ ಅದನ್ನು ಮಾದರಿ ಎನ್ನಲಾಗದು.

ಹೊಸದಾಗಿ ಈ ಲೋಕಕ್ಕೆ ಬರುವವರಿಗೆ ನನ್ನ ಮಾತು ಇಷ್ಟೆ. ಪಟ್ಟಿ ಹಿಡಿದುಕೊಂಡು ಮೂವತ್ತು ಮಾಸಿಕಗಳ ಬಿಡಿ ಸಂಚಿಕೆ ಹುಡುಕಲು ಹೋಗಬೇಡಿ. ಮಿತ ಸರಣಿಯಾಗಿ ಬಂದು, ಆಮೇಲೆ ಒಂದೇ ಸಂಪುಟವಾಗಿ ಕಟ್ಟಿರುವ ಕತೆಯನ್ನು ಎತ್ತಿಕೊಳ್ಳಿ. ಕ್ರೈಸಿಸ್‌ನಿಂದ ಶುರುಮಾಡಬಹುದು. ಸಿಕ್ಕರೆ ಜೆಎಲ್ಎ (ಅಂದರೆ ಜಸ್ಟಿಸ್ ಲೀಗ್) ಮತ್ತು ಅವೆಂಜರ್ಸ್ ಸೇರುವ ಕತೆ ಓದಿ.

ಆ ಕತೆಯನ್ನು ಎರಡು ಸಂಸ್ಥೆಗಳು ಸೇರಿ 1983ರಲ್ಲೇ ತರಬೇಕಿತ್ತು. ಪೆರೆಜ್ 21 ಪುಟ ಬರೆದೂ ಆಗಿತ್ತು. ಸಂಸ್ಥೆಗಳಿಗೆ ಕತೆಯ ವಿಷಯದಲ್ಲಿ ಒಮ್ಮತ ಬರಲಿಲ್ಲ, ಕೆಲಸ ನಿಂತುಹೋಯಿತು. ಇಪ್ಪತ್ತು ವರ್ಷದ ನಂತರ, 2003ರಲ್ಲಿ, ಕರ್ಟ್ ಬ್ಯೂಸಿಕ್ ಬರೆದ ಹೊಸ ಕತೆಗೆ ಅದೇ ಪೆರೆಜ್ ಚಿತ್ರ ಬರೆದರು. ನಾಲ್ಕು ದಪ್ಪ ಸಂಚಿಕೆ. ಒಂದು ಮತ್ತು ಮೂರನ್ನು ಮಾರ್ವೆಲ್ ಅಚ್ಚು ಹಾಕಿತು, ಎರಡು ಮತ್ತು ನಾಲ್ಕನ್ನು ಡಿಸಿ. ಒಂದು ಸಲ ಜೆಎಲ್ಎ ಹೆಸರು ಮೊದಲು, ಮರುಸಲ ಅವೆಂಜರ್ಸ್ ಹೆಸರು ಮೊದಲು. ಆಮೇಲೆ ಆ ಪುಸ್ತಕ ವರ್ಷಗಟ್ಟಲೆ ಸಿಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ತಮಗೆ ವಾಸಿಯಾಗದ ಕ್ಯಾನ್ಸರ್ ಇದೆ ಎಂದು ಪೆರೆಜ್ ತಿಳಿಸಿದರು. ಎರಡೂ ಸಂಸ್ಥೆಗಳು ಒಪ್ಪಿ, ಕಷ್ಟದಲ್ಲಿರುವ ಕಾಮಿಕ್ಸ್ ಕಲಾವಿದರಿಗೆ ನೆರವಾಗುವ ಹೀರೋ ಇನಿಷಿಯೇಟಿವ್ ಸಂಸ್ಥೆಯ ಮೂಲಕ 2022ರಲ್ಲಿ ನಾಲ್ಕೂ ಭಾಗ ಒಂದೇ ಸಂಪುಟವಾಗಿ, 7,000 ಪ್ರತಿಗಳಷ್ಟು, ಮತ್ತೆ ಅಚ್ಚಾಯಿತು. ಆ ವರ್ಷ ಮೇ 6ರಂದು ಜಾರ್ಜ್ ಪೆರೆಜ್ ತೀರಿಕೊಂಡರು.